‘ಓನರ್‌ಗೆ ಸ್ವಲ್ಪ ಅರ್ಜೆಂಟ್ ಇದೆ’

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ನಿವೃತ್ತರಾದವರಿಗೆ ತಪ್ಪದೆ ಸಿಗುವ ಸಲಹೆ ಇದು: ‘ಏರಿಯಾ ಪೂರ್ತಿ ನಿಮಗೆ ಗೊತ್ತು, ಬ್ರೋಕರ್ ಕೆಲಸ ಯಾಕೆ ಮಾಡಬಾರದು?’ ನಾಳೆ ಎದುರಿಗೆ ಸಿಕ್ಕಾಗ ಮುಖ ನೋಡಬೇಕಾದವನು ಮೋಸ ಮಾಡಲಾರ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಅರ್ಧಕ್ಕೆ ಮಾತ್ರ ಸರಿ. ಮನೆ ಕೊಂಡವನು ಏರಿಯಾದಲ್ಲಿ ಉಳಿಯುತ್ತಾನೆ. ಮಾರಿದವನು ಸಾಮಾನು ಕಟ್ಟಿಕೊಂಡು ಹೊರಟುಹೋಗುತ್ತಾನೆ.

ಸ್ಥಳೀಯ ದಲ್ಲಾಳಿಯ ತಿಳಿವಳಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಯಾವ ಕ್ರಾಸ್‌ಗೆ ಕಾವೇರಿ ನೀರು ಸರಿಯಾಗಿ ಬರುವುದಿಲ್ಲ, ಯಾವ ಮನೆಯ ಅಣ್ಣತಮ್ಮಂದಿರಲ್ಲಿ ಪಾಲಿನ ತಕರಾರಿದೆ ಎಂಬುದು ಅವನಿಗೆ ಗೊತ್ತು. ಋಣಭಾರ ಪತ್ರ (ಇಸಿ) ತೆಗೆಸಿದರೆ ನೋಂದಣಿಯಾದ ವ್ಯವಹಾರಗಳು ಕಾಣುತ್ತವೆಯೇ ಹೊರತು ಬಾಯಿಮಾತಿನ ಕರಾರು ಕಾಣುವುದಿಲ್ಲ.

ಆದರೆ ಅದೇ ತಿಳಿವಳಿಕೆ ಬಾಯಿಂದ ಹೊರಬೀಳುವ ಗಳಿಗೆಯನ್ನು ಗಮನಿಸಿ. ಮನೆ ತೋರಿಸಿ ಗೇಟಿನಾಚೆ ಬಂದ ಮೇಲೆ, ಸ್ಕೂಟರಿನ ಪಕ್ಕ ನಿಂತು, ತಗ್ಗಿದ ದನಿಯಲ್ಲಿ ಅವನು ಗಿರಾಕಿಗೆ ಹೇಳುತ್ತಾನೆ: ‘ಓನರ್‌ಗೆ ಸ್ವಲ್ಪ ಅರ್ಜೆಂಟ್ ಇದೆ ಸರ್, ಕೂತು ಮಾತಾಡಿದ್ರೆ ಇಳೀತಾರೆ.’ ಮಾತು ನಿಜವೇ. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಅವನಿಗೆ ತಿಳಿದದ್ದು ಅದೇ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುವಾಗ. ಕಷ್ಟ ಹೇಳಿಕೊಂಡದ್ದು ನೆರೆಯವನಿಗೆ, ಅದನ್ನು ಚೌಕಾಸಿಗೆ ಇಟ್ಟದ್ದು ದಲ್ಲಾಳಿ. ಲೆಕ್ಕ ಹಾಕಿ ನೋಡಿ. 30x40 ಸೈಟಿನ ಮನೆಗೆ ಒಂದೂವರೆ ಕೋಟಿ, ಎರಡೂ ಕಡೆಯಿಂದ ಶೇ 1ರಂತೆ ಕಮಿಷನ್ 3 ಲಕ್ಷ ಎಂದಿಟ್ಟುಕೊಳ್ಳೋಣ. ಬೆಲೆ 10 ಲಕ್ಷ ಇಳಿದರೆ ಮಾರುವವರು ಹೆಚ್ಚುಕಡಿಮೆ ಅಷ್ಟನ್ನೂ ಕಳೆದುಕೊಳ್ಳುತ್ತಾರೆ. ದಲ್ಲಾಳಿಗೆ ತಪ್ಪುವುದು 20 ಸಾವಿರ. ವ್ಯವಹಾರ ಮುರಿದರೆ ಮಾತ್ರ ಅವನ 3 ಲಕ್ಷವೂ ಹೋಗುತ್ತದೆ. ಇಬ್ಬರಿಂದಲೂ ಕಮಿಷನ್ ಪಡೆಯುವ ಪದ್ಧತಿ ಇರುವವರೆಗೆ ಒಳ್ಳೆಯವನ ಬಾಯಲ್ಲೂ ಈ ಮಾತು ಬಂದೇ ಬರುತ್ತದೆ.

‘ರೇರಾ ಇದೆಯಲ್ಲ, ಏಜೆಂಟರು ನೋಂದಣಿ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ’ ಎನ್ನುವವರೊಂದಿಗೆ ನನ್ನ ಜಗಳವಿದೆ. ಅವರು 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) 9ನೇ ಸೆಕ್ಷನ್ ಓದಬೇಕು. ಅಲ್ಲಿ ಏಜೆಂಟರ ನೋಂದಣಿ ಕಡ್ಡಾಯವಾಗಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ಸೈಟು, ಫ್ಲ್ಯಾಟು ಮಾರಿಸುವವರಿಗೆ. 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ನೋಂದಣಿಯೇ ಬೇಕಿಲ್ಲ. 30x40 ಸೈಟು ಸುಮಾರು 111 ಚದರ ಮೀಟರ್. ರಾಜಾಜಿನಗರದ ಹಳೇ ಮನೆ ಕೈಬದಲಾಗುವಾಗ, ವಿಜಯನಗರದಲ್ಲಿ ಮಹಡಿ ಮನೆ ಬಾಡಿಗೆಗೆ ಕೊಡಿಸಿ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಎಂದು ಪಡೆಯುವಾಗ ಆ ಸೆಕ್ಷನ್ ಅನ್ವಯಿಸುವುದಿಲ್ಲ. ಏರಿಯಾ ಬ್ರೋಕರನ ಹೊಟ್ಟೆಪಾಡು ನಡೆಯುವುದೇ ಇಂಥ ವ್ಯವಹಾರಗಳಲ್ಲಿ. ಅಲ್ಲಿ ಜನರಿಗೆ ಇಲ್ಲದ ರಕ್ಷಣೆಯನ್ನು ಇದೆ ಎಂದು ನಂಬಿಸುವುದು ದೊಡ್ಡ ಅನ್ಯಾಯ.

ನಿಮ್ಮ ಏರಿಯಾದಲ್ಲೇ ಈ ಕೆಲಸ ಹಿಡಿಯುವುದಾದರೆ ಒಬ್ಬರ ಪರವಾಗಿ ಮಾತ್ರ ನಿಲ್ಲಿ, ಅವರಿಂದಷ್ಟೇ ಕಮಿಷನ್ ಪಡೆಯಿರಿ; ಯಾರ ಪರ ಎಂಬುದನ್ನು ಮನೆ ತೋರಿಸುವ ಮೊದಲೇ ಇಬ್ಬರಿಗೂ ಬರೆದುಕೊಡಿ. ಅದರಲ್ಲಿ ಗಿಟ್ಟುವುದಿಲ್ಲ ಅನ್ನಿಸಿದರೆ, ನಿಮ್ಮಲ್ಲಿ ಕಷ್ಟಸುಖ ಹೇಳಿಕೊಂಡವರಿಲ್ಲದ ಬೇರೆ ಏರಿಯಾ ನೋಡಿಕೊಳ್ಳಿ.