ಗೋಪುರ ಕಳೆದುಕೊಂಡ ರಥ

ವಿಜಯವಾಡದಿಂದ ಕೃಷ್ಣೆಯ ದಡ ಹಿಡಿದು ಮೇಲಕ್ಕೆ ಹೋದರೆ ಅಮರಾವತಿಯ ಮಹಾಚೈತ್ಯದ ದಿಬ್ಬ ಸಿಗುತ್ತದೆ. ಆ ಸ್ತೂಪದ ಹೆಸರಾಂತ ಹಳೆಯ ಫೋಟೊಗಳು ಮಾತ್ರ ಅಲ್ಲಿ ತೆಗೆದವಲ್ಲ. 1858ರಲ್ಲಿ ಲಿನ್ನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಮದ್ರಾಸಿನ ಮ್ಯೂಸಿಯಮ್ಮಿನಲ್ಲಿ, ಅಷ್ಟು ಹೊತ್ತಿಗಾಗಲೇ ಊರು ಬಿಟ್ಟಿದ್ದ ಬಿಡಿ ಕಲ್ಲುಗಳನ್ನು ಸೆರೆಹಿಡಿದ. ಅವನ್ನು 1845ರಲ್ಲಿ ಅಗೆಸಿದವನು ವಾಲ್ಟರ್ ಎಲಿಯಟ್. ಹೌದು, 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೆರೆಯಲ್ಲಿದ್ದ, ಆಮೇಲೆ ಕನ್ನಡ ಶಾಸನಗಳ ನಕಲು ಕೂಡಿಹಾಕಿದ ಅದೇ ಎಲಿಯಟ್. ಟ್ರೈಪ್‌ನ ಚಿತ್ರಗಳಲ್ಲಿ ಹೊಳೆಯಿಲ್ಲ, ದಿಬ್ಬವಿಲ್ಲ. ಮರುವರ್ಷ ಕಲ್ಲುಗಳು ಲಂಡನ್ನಿನ ದಾರಿ ಹಿಡಿದವು. ನಮ್ಮ ಪಠ್ಯಗಳಲ್ಲಿ ಅಮರಾವತಿ ಇವತ್ತಿಗೂ ಒಂದು ಶಿಲ್ಪಶೈಲಿ, ಹೊಳೆದಂಡೆಯ ಊರಲ್ಲ.

ಹಂಪಿಯ ಕಥೆ ಬೇರೆ. 1856ರಲ್ಲಿ ಮದ್ರಾಸ್ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಬಂಡೆ, ಹೊಳೆ, ಮಂಟಪಗಳನ್ನು ಒಟ್ಟಾಗಿಯೇ ಹಿಡಿದ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅವೇ ಕೋನಗಳಿಂದ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ನಿಲ್ಲುವುದು ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ. ಗ್ರೀನ್‌ಲಾ ಕಂಡ ರಥಕ್ಕೆ ಇಟ್ಟಿಗೆಯ ಶಿಖರವಿತ್ತು. ಮುಂದೆ ಅದನ್ನು ತೆಗೆದುಹಾಕಲಾಯಿತು. 2017ರಿಂದ ಐವತ್ತು ರೂಪಾಯಿಯ ನೋಟಿನ ಬೆನ್ನ ಮೇಲಿರುವುದು ಬೋಳು ರಥ. ದೇಶ ತನ್ನ ಪರಂಪರೆಯೆಂದು ಜೇಬಿನಲ್ಲಿಟ್ಟುಕೊಂಡಿರುವುದು ವಿಜಯನಗರದವರು ಕಟ್ಟಿ ಬಿಟ್ಟುಹೋದ ರೂಪವನ್ನಲ್ಲ.

ಟ್ರೈಪ್, ಗ್ರೀನ್‌ಲಾ, ಬಿಜಾಪುರ–ಬಾದಾಮಿಗಳಲ್ಲಿ ದುಡಿದ ಥಾಮಸ್ ಬಿಗ್ಸ್, ಇವರೆಲ್ಲರ ಕೈಚಳಕ ದೊಡ್ಡದು. ಬಿಗ್ಸ್ ಮತ್ತು ಸಂಗಡಿಗರ ಚಿತ್ರಗಳಿಂದ 1866ರಲ್ಲಿ ಧಾರವಾಡ–ಮೈಸೂರು ವಾಸ್ತುಶಿಲ್ಪದ ಸೊಗಸಾದ ಗ್ರಂಥ ಬಂತು. ಫರ್ಗುಸನ್‌ನಂಥ ವಾಸ್ತು ಇತಿಹಾಸಕಾರರು ಶೈಲಿಗಳನ್ನು ವಿಂಗಡಿಸಿದ್ದು ಇಂಥ ಚಿತ್ರಗಳನ್ನು ಮುಂದಿಟ್ಟುಕೊಂಡೇ. ನನ್ನ ತಕರಾರು ಈ ಚಿತ್ರಗಳು ಕಲಿಸಿಕೊಟ್ಟ ಅಭಿರುಚಿಯ ಬಗ್ಗೆ. ಆಗಿನ ಕ್ಯಾಮೆರಾಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಓಡಾಡುವವರು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಯಂತ್ರದ ಆ ಮಿತಿಯೇ ಬರಬರುತ್ತ ಸೌಂದರ್ಯವಾಯಿತು: ಸ್ಮಾರಕವೆಂದರೆ ಜನರಿಲ್ಲದ ಜಾಗ. ಅಮರಾವತಿಯಲ್ಲಿ 1877ರಲ್ಲಿ ಅಗೆಸಿದ ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಎಂದು ಕರೆದ. ವಿರೂಪಾಕ್ಷನ ತೇರೆಳೆಯಲು ಬರುತ್ತಿದ್ದವರು ಏನನ್ನೂ ಮರೆತಿರಲಿಲ್ಲ! 2011ರಲ್ಲಿ ಹಂಪಿ ಬಜಾರಿನ ಮನೆ–ಅಂಗಡಿಗಳನ್ನು ಒಡೆದಾಗ ಕಾನೂನಿನ ಕಾರಣಗಳಿದ್ದವು, ನಿಜ. ಆದರೆ ತೆರವಾದ ಬೀದಿಯೇ ನಿಜವಾದ ಹಂಪಿ ಎಂದು ಎಷ್ಟೋ ಜನರಿಗೆ ಅನ್ನಿಸಿದ್ದರ ಹಿಂದೆ ನೂರೈವತ್ತು ವರ್ಷಗಳ ಚಿತ್ರಾಭ್ಯಾಸವೂ ಇತ್ತು.

ಈ ಪರಂಪರೆಗೆ ಇನ್ನೊಂದು ಕುರುಡುತನವಿದೆ. ಅದನ್ನು ನೋಡಬೇಕಾದರೆ ವಿಶಾಖಪಟ್ಟಣದ ಭೀಮಿಲಿ ರಸ್ತೆಗೆ ಹೋಗಬೇಕು. ಅಲ್ಲಿನ ತೊಟ್ಲಕೊಂಡ ಬೌದ್ಧವಿಹಾರ ಬೆಳಕಿಗೆ ಬಂದದ್ದೇ 1976ರಲ್ಲಿ, ನೌಕಾಪಡೆಯ ವೈಮಾನಿಕ ಸಮೀಕ್ಷೆಯಿಂದ. ಅದೇ ರಸ್ತೆಯ ಎರ್ರಮಟ್ಟಿ ದಿಬ್ಬಲು, ಕಡಲಂಚಿನ ಆ ಕೆಂಪು ಮರಳಿನ ಕಣಿವೆಗಳು, ರಾಷ್ಟ್ರೀಯ ಭೂಪರಂಪರೆ ಎನಿಸಿಕೊಳ್ಳಲು 2014ರವರೆಗೆ ಕಾಯಬೇಕಾಯಿತು. ಕೆತ್ತನೆಯಿಲ್ಲದ ಮಣ್ಣನ್ನು ಪರಂಪರೆಯೆಂದು ನೋಡುವ ಕಣ್ಣನ್ನು ಸ್ಮಾರಕಗಳ ಆಲ್ಬಮ್ಮುಗಳು ನಮಗೆ ಕೊಟ್ಟಿರಲಿಲ್ಲ.

ಹಾಗೆಂದು ಹಳೆಯ ಚಿತ್ರಗಳನ್ನು ಪಕ್ಕಕ್ಕಿಡಬೇಕಿಲ್ಲ. ಶಿಖರ ಇತ್ತೆಂದು ಹೇಳುವ ಸಾಕ್ಷಿಯೂ ಅವುಗಳಲ್ಲೇ ಇದೆ. ನಮ್ಮ ಪಠ್ಯಪುಸ್ತಕಗಳು ಐವತ್ತರ ನೋಟಿನ ರಥವನ್ನೂ ಗ್ರೀನ್‌ಲಾನ ರಥವನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಲಿ.