ಸಹಿಯ ಹೊತ್ತಿಗೆ ಬರುವ ಗಂಡ

ನಲವತ್ತೈದರ ಆಸುಪಾಸಿನ ಹೆಂಗಸಿಗೆ ಮುಟ್ಟು ಹತ್ತು ಹದಿನೈದು ದಿನವಾದರೂ ನಿಲ್ಲದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ತೆಗೆಸಿಬಿಡು’. ಏನನ್ನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಕ್ಕ ತೆಗೆಸಿದ್ದಾಳೆ, ಎದುರುಮನೆಯವರು ತೆಗೆಸಿದ್ದಾರೆ, ಓರಗಿತ್ತಿ ಹೋದ ಬೇಸಿಗೆಯಲ್ಲಿ ತೆಗೆಸಿ ಈಗ ಆರಾಮಾಗಿದ್ದಾಳೆ. ಮಕ್ಕಳಾಗಿವೆ, ಇನ್ನು ಗರ್ಭಕೋಶಕ್ಕೆ ಏನು ಕೆಲಸ? ಡಾಕ್ಟರ ಮುಖ ನೋಡುವ ಮೊದಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಈ ಮಾತುಕತೆಯಲ್ಲಿ ಗಂಡ ಇರುವುದಿಲ್ಲ. ಅವನು ಬರುವುದು ದುಡ್ಡು ಹೊಂದಿಸುವಾಗ, ಆಸ್ಪತ್ರೆಯ ಫಾರಂಗೆ ಸಹಿ ಹಾಕುವಾಗ. ಆಮೇಲೆ ನಾಲ್ಕು ದಿನ ರಜೆ ಹಾಕಿ ವಾರ್ಡಿನಲ್ಲಿ ಕೂತರೆ, ಚೆನ್ನಾಗಿ ನೋಡಿಕೊಂಡ ಎಂಬ ಹೆಸರೂ ಬರುತ್ತದೆ.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಈ ರಕ್ತಸ್ರಾವವನ್ನು ನಮ್ಮ ಸಂಸಾರಗಳು ನಿಭಾಯಿಸುವ ರೀತಿ ಇದು. ಇದರಲ್ಲಿ ಕಾಳಜಿ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಳಜಿ ತೀರ ತಡವಾಗಿ ಬರುತ್ತದೆ. ಗಂಡ ಬೇಕಾಗಿದ್ದದ್ದು ಸಹಿಗಿಂತ ಎಷ್ಟೋ ತಿಂಗಳು ಮುಂಚೆ, ‘ಯಾಕೋ ಈ ಸಲ ನಿಲ್ತಾನೇ ಇಲ್ಲ’ ಎಂದು ಹೆಂಡತಿ ಬಾಯಿಬಿಟ್ಟು ಹೇಳಬಹುದಾಗಿದ್ದ ಹೊತ್ತಿನಲ್ಲಿ.

ಭಾರತದ ಹೆಂಗಸರಿಗೆ ಮುಟ್ಟು ಪೂರ್ತಿ ನಿಲ್ಲುವ ಸರಾಸರಿ ವಯಸ್ಸು 46–47. ಸತತ ಹನ್ನೆರಡು ತಿಂಗಳು ಕಾಣದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಅದಕ್ಕೂ ಮುಂಚಿನ ನಾಲ್ಕೈದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಅಂಡಾಶಯಗಳು ತಾಳ ತಪ್ಪುತ್ತವೆ. ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ತಯಾರಾಗುವುದಿಲ್ಲ, ಈಸ್ಟ್ರೊಜೆನ್ ಒಂದೇ ಸಮನೆ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತ ಹೋಗುತ್ತದೆ. ಎರಡು ತಿಂಗಳು ಏನೂ ಕಾಣದೆ ಮೂರನೆಯ ತಿಂಗಳು ಆ ಪದರ ಅಲ್ಲಲ್ಲಿ ಕಳಚತೊಡಗಿದರೆ ರಕ್ತ ಇಪ್ಪತ್ತು ದಿನ ಹೋಗುವುದೂ ಉಂಟು. ಕಾರಣ ಇಷ್ಟೇ ಇರಬಹುದು. ಫೈಬ್ರಾಯ್ಡ್ ಗಡ್ಡೆ, ಪಾಲಿಪ್, ಥೈರಾಯ್ಡ್ ಏರುಪೇರು ಇರಬಹುದು, ಒಳಪದರದ ಕ್ಯಾನ್ಸರೂ ಇರಬಹುದು. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಇಂಥ ರಕ್ತಸ್ರಾವದ ಕಾರಣಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಆ ಒಂಬತ್ತಕ್ಕೂ ನಮ್ಮ ಮನೆಗಳಲ್ಲಿರುವ ಉತ್ತರ ಒಂದೇ.

ಇಪ್ಪತ್ತು ದಿನದ ಮುಟ್ಟು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ನಮ್ಮ ಮಡಿಯ ಲೆಕ್ಕವೆಲ್ಲ ಮೂರು ದಿನದ್ದು. ಮೂರು ದಿನ ಹೊರಗೆ, ನಾಲ್ಕನೆಯ ದಿನ ತಲೆಗೆ ಸ್ನಾನ, ಐದನೆಯ ದಿನ ದೇವರ ಮನೆ. ಅದಕ್ಕಿಂತ ಹೆಚ್ಚು ದಿನ ಹೋಗುವ ರಕ್ತಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಹಾಗಾಗಿ ಹೆಂಗಸು ಐದನೆಯ ದಿನ ‘ಆಯ್ತು’ ಎಂದುಬಿಡುತ್ತಾಳೆ. ಬಟ್ಟೆಯನ್ನು ಸೀರೆಯ ಅಡಿಗೆ ಮರೆಮಾಡಿ ಒಣಗಿಸುತ್ತ, ದೀಪ ಹಚ್ಚುವಾಗ ಮನಸ್ಸಿನಲ್ಲೇ ತಪ್ಪಾಯಿತೆನ್ನುತ್ತ ಇನ್ನು ಹದಿನೈದು ದಿನ ಕಳೆಯುತ್ತಾಳೆ. ಮಡಿ ಬಿಟ್ಟ ಮನೆಗಳಲ್ಲೂ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೆ ಹಾಕುವ ಮಾತ್ರೆ ಬರುತ್ತದೆ. ಎಷ್ಟೋ ಸಲ ಅದನ್ನು ತಂದುಕೊಡುವವನು ಗಂಡನೇ. ಮಾತ್ರೆ ಬಿಟ್ಟ ಮೇಲೆ ಬಂದ ರಕ್ತ ಮಾತ್ರೆಯದ್ದೋ ವಯಸ್ಸಿನದ್ದೋ ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಮುಚ್ಚಿಡುವುದನ್ನು ಮನೆಯೇ ಕಲಿಸಿಕೊಟ್ಟಿರುವಾಗ, ಒಂದೇ ಕೋಣೆಯಲ್ಲಿ ಮಲಗುವ ಗಂಡನಿಗೂ ವಿಷಯ ತಿಳಿಯದಿರುವುದು ಆಶ್ಚರ್ಯವೇನಲ್ಲ.

ಯಾವುದಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ ಕೋಣೆಯ ಮುಂದೆ ಅರ್ಧ ದಿನ ಕೂತರೆ ಇದು ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು ಹಿಡಿದ ಗಂಡ ಹೊರಗಿನ ಬೆಂಚಿನ ಮೇಲೆ. ಹೆಂಡತಿ ಒಳಗೆ.

‘ಎಷ್ಟು ದಿನದಿಂದ ಬ್ಲೀಡಿಂಗು?’

‘ಸ್ವಲ್ಪ ಜಾಸ್ತಿ ಮೇಡಂ.’

‘ಸ್ವಲ್ಪ ಅಂದ್ರೆ? ದಿನಕ್ಕೆ ಎಷ್ಟು ಪ್ಯಾಡು?’

‘ಬಟ್ಟೆ ಹಾಕ್ಕೊಳ್ಳೋದು ಮೇಡಂ.’

‘ಗಡ್ಡೆ ಗಡ್ಡೆಯಾಗಿ ಹೋಗುತ್ತಾ?’

ಆಕೆ ಬಾಗಿಲ ಕಡೆ ಒಮ್ಮೆ ನೋಡಿ ತಲೆಯಾಡಿಸುತ್ತಾಳೆ. ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳು. ಆಮೇಲೆ ಗಂಡನನ್ನು ಕರೆದು ಹೇಳಿದರೆ ಅವನ ಮುಖದಲ್ಲಿ ನಿಜವಾದ ಗಾಬರಿ. ‘ಸುಸ್ತು ಅಂತಿದ್ಲು ಮೇಡಂ, ವಯಸ್ಸಾಯ್ತಲ್ಲ ಅಂದ್ಕೊಂಡೆ’ ಎನ್ನುತ್ತಾನೆ. ಮರುಗಳಿಗೆಯೇ, ‘ಆಪರೇಷನ್ ಮಾಡಿಬಿಡಿ ಮೇಡಂ, ಎಷ್ಟಾಗುತ್ತೆ?’ ಆ ಪ್ರಶ್ನೆಯಲ್ಲಿ ಪ್ರೀತಿಯೂ ಇದೆ, ಇದನ್ನು ಬೇಗ ಮುಗಿಸಿಬಿಡುವ ಆತುರವೂ ಇದೆ.

ಈ ಆತುರ ಎಲ್ಲಿಂದ ಬಂತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಇಪ್ಪತ್ತೈದರ ವಯಸ್ಸಿಗೇ ಒಮ್ಮೆ ಮೇಜಿನ ಮೇಲೆ ಮಲಗಿ ಎದ್ದವಳು ನಲವತ್ತಾರಕ್ಕೆ ಇನ್ನೊಮ್ಮೆ ಮಲಗುವುದು ಗಂಡ ಹೆಂಡತಿ ಇಬ್ಬರಿಗೂ ಸಹಜವಾಗಿಯೇ ಕಾಣುತ್ತದೆ. ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಇದು ದುಪ್ಪಟ್ಟಿಗಿಂತ ಹೆಚ್ಚು. ಕಾರಣ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ್ದು ಅತಿಯಾದ ರಕ್ತಸ್ರಾವ ಅಥವಾ ನೋವು.

ಆತುರಕ್ಕೆ ಹೊಟ್ಟೆಪಾಡಿನ ಕಾರಣವೂ ಇದೆ, ಅದನ್ನು ಮರೆತು ತೀರ್ಪು ಕೊಡಬಾರದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವವರನ್ನು ಗುತ್ತಿಗೆದಾರರು ಜೋಡಿಯಾಗಿಯೇ ಹಿಡಿಯುತ್ತಾರೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಇವರಲ್ಲಿ ಕೆಲವರು ನಮ್ಮ ಗಡಿಯ ಸಕ್ಕರೆ ಕಾರ್ಖಾನೆಗಳಿಗೂ ಬರುತ್ತಾರೆ. ಮುಟ್ಟಿನ ನೋವಿಗೆ ಅವಳು ಒಂದು ದಿನ ಗದ್ದೆಗೆ ಇಳಿಯದಿದ್ದರೆ ದಂಡ ಬೀಳುವುದು ಇಬ್ಬರ ಕೂಲಿಯ ಮೇಲೆ. 2019ರಲ್ಲಿ ಆ ಜಿಲ್ಲೆಯ ಸಮೀಕ್ಷೆಯಲ್ಲಿ 13,000ಕ್ಕೂ ಹೆಚ್ಚು ಹೆಂಗಸರು ಗರ್ಭಕೋಶ ತೆಗೆಸಿಕೊಂಡದ್ದು ಹೊರಬಿತ್ತು. ಅಂಥ ದಂಪತಿಗೆ ‘ಕಾದು ನೋಡಿ’ ಎಂದು ಹೇಳುವ ಹಕ್ಕು ನಮಗೆಲ್ಲಿದೆ? ಕಲಬುರಗಿಯದ್ದು ಬೇರೆ ಕಥೆ. 2015ರಲ್ಲಿ ಬಯಲಾದ ಆ ಪ್ರಕರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು, ಬಹುಪಾಲು ಲಂಬಾಣಿ ತಾಂಡಾಗಳವರು ಮತ್ತು ದಲಿತರು, ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡಿದ್ದರು. ಹೊಟ್ಟೆನೋವು, ಸೊಂಟನೋವು ಎಂದು ಹೋದವರವರು. ಮನೆಯೊಳಗಿನ ಮೌನ ಎಷ್ಟು ದೊಡ್ಡದೋ ಹೊರಗಿನ ವ್ಯಾಪಾರಕ್ಕೆ ಅಷ್ಟು ಅನುಕೂಲ.

ಇನ್ನು ಸಹಿಯ ವಿಷಯ. ದೆಹಲಿಯಲ್ಲಿ 1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತೆಯೊಬ್ಬರು ಒಂಬತ್ತು ದಿನವಾದರೂ ನಿಲ್ಲದ ಮುಟ್ಟಿಗಾಗಿ ಕ್ಲಿನಿಕ್ಕಿಗೆ ಹೋದರು. ಲ್ಯಾಪರೊಸ್ಕೋಪಿ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಒಪ್ಪಿಗೆ ಅವಳಿಂದಲೇ ಬರಬೇಕು. ಗಂಡನ ಸಹಿಯನ್ನು ದೊಡ್ಡದಾಗಿ ಕೇಳುವ ಆಸ್ಪತ್ರೆಗಳೂ ಅದನ್ನು ಹೆಮ್ಮೆಯಿಂದ ಹಾಕುವ ಗಂಡಸರೂ ಈ ತೀರ್ಪನ್ನು ಓದಬೇಕು.

ಹಾಗಾದರೆ ದಾರಿ ಏನಿದೆ? ಬೇಕಾದಷ್ಟಿದೆ. ರಕ್ತ ಹೆಚ್ಚು ಹೋಗುವ ದಿನಗಳಿಗೆ ಟ್ರನೆಕ್ಸಾಮಿಕ್ ಆಸಿಡ್ ಮಾತ್ರೆ. ಪ್ರೊಜೆಸ್ಟರಾನ್ ಮಾತ್ರೆಗಳು. ಗರ್ಭಕೋಶದೊಳಗೆ ಕೂತು ಐದು ವರ್ಷ ಸ್ವಲ್ಪ ಸ್ವಲ್ಪವೇ ಹಾರ್ಮೋನು ಬಿಡುವ ಸಾಧನ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 1991ರಲ್ಲಿ ‘ಸಹೇಲಿ’ ಹೆಸರಿನಲ್ಲಿ ಬಂದ, ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂದು ಗರ್ಭನಿರೋಧಕವಾಗಿ ಪುಕ್ಕಟೆ ಸಿಗುವ ಆರ್ಮೆಲಾಕ್ಸಿಫೆನ್ ಮಾತ್ರೆಯನ್ನೂ ಡಾಕ್ಟರುಗಳು ಈ ರಕ್ತಸ್ರಾವಕ್ಕೆ ಕೊಡುತ್ತಾರೆ. ಆದರೆ ನಲವತ್ತೈದು ದಾಟಿದವರಲ್ಲಿ ಮೊದಲು ಒಳಪದರದ ಚೂರು ತೆಗೆದು ಪರೀಕ್ಷಿಸಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡಬಾರದು. ಗಡ್ಡೆ ದೊಡ್ಡದಾಗಿದ್ದರೆ, ಔಷಧಕ್ಕೆ ಬಗ್ಗದಿದ್ದರೆ, ಕ್ಯಾನ್ಸರ್ ಇದ್ದರೆ ಶಸ್ತ್ರಚಿಕಿತ್ಸೆಯೇ ಸರಿ. ಅದರಿಂದ ಬದುಕು ಮರಳಿ ಪಡೆದವರು ಎಷ್ಟೋ ಮಂದಿ. ಆದರೆ ‘ಹೇಗೂ ಹೊಟ್ಟೆ ತೆರೆದಿದ್ದೇವೆ’ ಎಂದು ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದು ಎರಗುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮೂಳೆ ಸವೆಯುವುದು ಎಲ್ಲ ಒಟ್ಟಿಗೆ. ಸಹಿ ಹಾಕಿದವನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಔಷಧದ ದಾರಿಗೆ ಒಂದು ಬೆಲೆಯಿದೆ, ತಾಳ್ಮೆ. ಹಾರ್ಮೋನು ಸಾಧನ ಹಾಕಿದ ಮೊದಲ ಮೂರರಿಂದ ಆರು ತಿಂಗಳು ರಕ್ತ ಹನಿಹನಿಯಾಗಿ ಹೋಗುತ್ತಲೇ ಇರಬಹುದು. ದಾಂಪತ್ಯದ ಗುಣ ಗೊತ್ತಾಗುವುದು ಈ ಆರು ತಿಂಗಳಲ್ಲಿ. ನಾನು ಬಲ್ಲ ದಾವಣಗೆರೆಯ ಜೋಡಿಯೊಂದಿದೆ. ಆಕೆ ಅಂಗನವಾಡಿ ಕಾರ್ಯಕರ್ತೆ, ಆತ ಬಸ್ ಕಂಡಕ್ಟರ್. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವುದು ಆತನ ಕೆಲಸ. ಆ ಲೆಕ್ಕದ ಮಗ್ಗುಲಲ್ಲೇ ರಕ್ತ ಹೋದ ದಿನಕ್ಕೊಂದು ಕೆಂಪು ಚುಕ್ಕಿ ಇಡತೊಡಗಿದ. ‘ರೀ, ಯಾರಾದ್ರೂ ನೋಡಿದ್ರೆ?’ ಎಂದು ಆಕೆ ಬೈದರೂ ನಿಲ್ಲಿಸಲಿಲ್ಲ. ಡಾಕ್ಟರು ‘ಎಷ್ಟು ದಿನ?’ ಎಂದಾಗ ಆಕೆ ಫೋನಿನಲ್ಲಿದ್ದ ಕ್ಯಾಲೆಂಡರಿನ ಫೋಟೊ ತೋರಿಸಿದರು. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ, ಸಾಧನ ಹಾಕಿದರು. ನಡುವೆ ಬೇಸತ್ತು ‘ತೆಗೆಸಿಬಿಡೋಣ’ ಎಂದವನು ಆತನೇ, ‘ಇನ್ನೊಂದು ತಿಂಗಳು ನೋಡೋಣ’ ಎಂದವರು ಆಕೆ. ರಾತ್ರಿ ಕಲೆಯಾದ ಬೆಡ್‌ಶೀಟನ್ನು ಬೆಳಗಿನ ಡ್ಯೂಟಿಗೆ ಹೊರಡುವ ಮುಂಚೆ ತಣ್ಣೀರಿನಲ್ಲಿ ನೆನೆಹಾಕುತ್ತಿದ್ದದ್ದು ಆತ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ ಎಂಬುದು ಆತನಿಗೆ ಈಗ ಗೊತ್ತು. ಇದು ದೊಡ್ಡ ತ್ಯಾಗವೇನಲ್ಲ. ಆದರೆ ಇಷ್ಟು ಮಾಡುವ ಗಂಡಸರು ಕೈಬೆರಳಲ್ಲಿ ಎಣಿಸುವಷ್ಟಿರುವುದೇ ಸಂಕಟ.

ಹಾಸಿಗೆಯ ಮಾತು ಬಂದಾಗ ಮೌನ ಇನ್ನೂ ಗಟ್ಟಿಯಾಗುತ್ತದೆ. ದಿನ ಲೆಕ್ಕಕ್ಕೆ ಸಿಗದಿರುವಾಗ ‘ಈವತ್ತು ಬೇಡ’ ಎನ್ನುವುದು ಹದಿನೈದನೆಯ ಸಲಕ್ಕೆ ಅವನಿಗೆ ತಿರಸ್ಕಾರವಾಗಿ ಕೇಳುತ್ತದೆ, ಅವಳಿಗೆ ತಪ್ಪೊಪ್ಪಿಗೆಯಾಗಿ. ಸಂತಾನಹರಣ ಆಗಿರದ ಜೋಡಿಗಳಿಗೆ ಈ ವಯಸ್ಸಿನಲ್ಲೂ ಬಸಿರು ನಿಲ್ಲುವ ಸಾಧ್ಯತೆ ಇದೆ. ಎರಡು ತಿಂಗಳು ಮುಟ್ಟು ತಪ್ಪಿದರೆ ಆ ಹೆದರಿಕೆಯನ್ನೂ ಹೆಚ್ಚಾಗಿ ಅವಳೊಬ್ಬಳೇ ಹೊರುತ್ತಾಳೆ.

ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳಲ್ಲಿ ಅದನ್ನು ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಒಳ್ಳೆಯದೇ ಆಯಿತು. ಆದರೆ ಅದರ ಕಣ್ಣು ಮುಖ್ಯವಾಗಿ ನಲವತ್ತರೊಳಗಿನವರ ಮೇಲೆ. ನಲವತ್ತಾರರ ಹೆಂಗಸಿನ ಗರ್ಭಕೋಶ ಹೋದರೆ ಕೇಳುವವರು ಕಡಿಮೆ, ಏಕೆಂದರೆ ‘ಹೇಗೂ ನಿಲ್ಲುವ ವಯಸ್ಸು’ ಎಂಬ ಓರಗಿತ್ತಿಯ ತರ್ಕ ಸರ್ಕಾರಿ ಕಡತದೊಳಗೂ ಇದೆ. ಹಾರ್ಮೋನು ಸಾಧನ, ಒಳಪದರದ ಪರೀಕ್ಷೆ ಎರಡೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಂತಾದರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ. ಉಳಿದರ್ಧಕ್ಕೆ ಗಂಡನನ್ನು ಮೊದಲ ಭೇಟಿಯಲ್ಲೇ ಒಳಗೆ ಕೂರಿಸಬೇಕು. ಆದರೆ ಎಲ್ಲ ಗಂಡಂದಿರನ್ನೂ ಒಳಗೆ ಕರೆಯುವಂತಿಲ್ಲ. ಹೊಡೆತಕ್ಕೆ, ಬೈಗುಳಕ್ಕೆ, ‘ಸೀಕು ಮುಂಡೆ’ ಎಂಬ ಮಾತಿಗೆ ಅಂಜಿ ಮುಚ್ಚಿಟ್ಟವರೂ ಆ ಸಾಲಿನಲ್ಲಿರುತ್ತಾರೆ. ಅದಕ್ಕೇ ಡಾಕ್ಟರು ಮೊದಲು ಅವಳನ್ನು ಕೇಳಬೇಕು, ‘ನಿಮ್ಮ ಯಜಮಾನ್ರನ್ನ ಒಳಗೆ ಕರೀಲಾ?’ ಅವಳು ಬೇಡವೆಂದರೆ ಚಿಕಿತ್ಸೆಯ ಎಲ್ಲ ದಾರಿಗಳನ್ನೂ ಅವಳೊಬ್ಬಳಿಗೇ ಅಷ್ಟೇ ಸಾವಧಾನದಿಂದ ವಿವರಿಸಬೇಕು.