ಕನಸಿನಲ್ಲಿ ಕೇಳಿದ ಪ್ರಶ್ನೆ

ನಮ್ಮ ಮದುವೆಯಲ್ಲಿ ಬಂದ ಮುಯ್ಯಿಯ ಪಟ್ಟಿ ಇನ್ನೂ ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿದೆ. ನಮ್ಮ ಸೋದರಮಾವ ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದದ್ದು. ಐದು ರೂಪಾಯಿ, ಹನ್ನೊಂದು ರೂಪಾಯಿ, ಸ್ಟೀಲ್ ಲೋಟ, ಗೋಡೆ ಗಡಿಯಾರ ಎರಡು, ಹೀಗೆ ಸಾಗುವ ಪಟ್ಟಿಯಲ್ಲಿ ಮೂರು ಕಡೆ ‘ಪುಸ್ತಕ ಒಂದು’ ಎಂದಿದೆ. ಮೂರೂ ‘ಮೈಸೂರು ಮಲ್ಲಿಗೆ’. ಎರಡನ್ನು ಸ್ನೇಹಿತರು ಓದಲು ಒಯ್ದು ಹಿಂದಿರುಗಿಸಲಿಲ್ಲ. ಉಳಿದ ಒಂದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹೊಸ ದಂಪತಿಗಳಿಗೆ ಆ ಪುಸ್ತಕವನ್ನು ಕೊಡುವುದು ಆಗ ಒಂದು ಪದ್ಧತಿಯೇ ಆಗಿತ್ತು. ನನಗೆ ಮೂರು ಬಂದದ್ದಕ್ಕೆ ಬೇರೆ ಕಾರಣವೂ ಇತ್ತು. ನಾನು ಕಿಕ್ಕೇರಿಯವನು, ಸಾಲದ್ದಕ್ಕೆ ಕನ್ನಡ ಮೇಷ್ಟ್ರು. ಕೆ.ಎಸ್. ನರಸಿಂಹಸ್ವಾಮಿಯವರು 1915ರ ಜನವರಿ 26ರಂದು ಹುಟ್ಟಿದ್ದು ನಮ್ಮೂರಿನಲ್ಲಿ. ಅವರ ಹೆಸರಿನ ಮೊದಲ ‘ಕೆ’ ಎಂದರೆ ಕಿಕ್ಕೇರಿ. ನನ್ನ ಹೆಸರಿನ ಮೊದಲಲ್ಲೂ ಅದೇ ‘ಕೆ’ ಇದೆ. ಕವಿಗೂ ನನಗೂ ಇರುವ ಸಂಬಂಧ ಅಷ್ಟೇ. ಆದರೆ ಆ ಒಂದಕ್ಷರದ ಬಲದ ಮೇಲೆ ನಾನು ಮೂವತ್ತು ವರ್ಷ ತರಗತಿಯಲ್ಲಿ ಮೆರೆದಿದ್ದೇನೆ. ಊರ ಕೆರೆ, 1171ರಲ್ಲಿ ಕಟ್ಟಿದ ಹೊಯ್ಸಳರ ಬ್ರಹ್ಮೇಶ್ವರ ದೇವಾಲಯ, ಆಮೇಲೆ ಕವಿ: ಹೊಸಬರು ಯಾರೇ ಬರಲಿ, ಇದೇ ಕ್ರಮದಲ್ಲಿ ಅವರಿಗೆ ನಮ್ಮೂರಿನ ಹೆಮ್ಮೆಯನ್ನು ಒಪ್ಪಿಸುತ್ತಿದ್ದೆ.

ಮದುವೆ ನಡೆದದ್ದು 1977ರ ವೈಶಾಖದಲ್ಲಿ, ಹೆಣ್ಣಿನ ಊರಾದ ರಾಮನಾಥಪುರದಲ್ಲಿ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಊರು ಅದು. ನಮ್ಮ ದಿಬ್ಬಣದ ಬಸ್ಸು ಕೆ.ಆರ್. ನಗರ, ಸಾಲಿಗ್ರಾಮ ದಾಟಿ ಅಲ್ಲಿಗೆ ಸೇರುವಾಗ ಕತ್ತಲಾಗಿತ್ತು. ಮನೆಯ ಮುಂದೆ ಹಸಿರು ಚಪ್ಪರ, ಬಾಳೆಕಂಬ, ಗ್ಯಾಸ್‌ಲೈಟು. ಬಸ್ಸಿಳಿದವರ ಕಾಲಿಗೆ ನೀರು, ಕೈಗೆ ಪಾನಕ. ನಮ್ಮ ಕಡೆಯ ಹಿರಿಯರೊಬ್ಬರು ಪಾನಕಕ್ಕೆ ಏಲಕ್ಕಿ ಸಾಲದೆಂದು ಮುಖ ಸಿಂಡರಿಸಿದರು. ಬೀಗರೆಂದ ಮೇಲೆ ಅಷ್ಟಾದರೂ ಮಾಡಬೇಡವೆ? ಬೆಳಗಿನ ಜಾವ ಹೊಳೆಯಿಂದ ನೀರು ತರಲು ಹೊರಟ ಹೆಂಗಸರ ಸೋಬಾನೆ, ವಾಲಗದವರು ಶ್ರುತಿ ಕೂಡಿಸಿಕೊಳ್ಳುತ್ತಿದ್ದ ಸದ್ದು, ಒಲೆಯ ಮೇಲಿನ ಹುಳಿಯ ವಾಸನೆ, ಧಾರೆಯ ಹೊತ್ತಿನಲ್ಲಿ ಮಾವನವರ ಕೈ ನಡುಗಿ ನೀರು ನನ್ನ ಪಂಚೆಯ ಮೇಲೆ ಚೆಲ್ಲಿದ್ದು, ಎಲ್ಲ ನಿನ್ನೆ ಮೊನ್ನೆಯಂತೆ ನೆನಪಿದೆ. ಮಧ್ಯಾಹ್ನ ನನ್ನನ್ನು ವಹ್ನಿಪುಷ್ಕರಿಣಿಗೆ ಕರೆದೊಯ್ದು ಮೀನುಗಳನ್ನು ತೋರಿಸಿದರು. ಅಲ್ಲಿ ಮೀನು ಹಿಡಿಯುವಂತಿಲ್ಲ. ಪುರಿ ಎಸೆದರೆ ನೀರೆಲ್ಲ ಬಾಯಿ ತೆರೆದಂತೆ ಮೇಲೇಳುತ್ತವೆ.

ಅಂದು ಸಂಜೆ ಹಾಡು ಹೇಳಬೇಕೆಂದು ನನ್ನನ್ನು ಪೀಡಿಸಿದರು. ನಾನು ಹಾಡಿದ್ದು ‘ಮೈಸೂರು ಮಲ್ಲಿಗೆ’ಯ ಹೊನ್ನೂರು ನವಿಲೂರುಗಳ ಕವಿತೆಯನ್ನು. ಅದು ತಿಳಿಯದ ಕನ್ನಡಿಗರು ಕಡಿಮೆ. ಗಂಡ ಕನಸಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ: ಚೆಂದ ಯಾವುದು, ತನ್ನೂರಾದ ಹೊನ್ನೂರೋ, ಅವಳೂರಾದ ನವಿಲೂರೋ? ಅವಳು ಮೊದಲು ಮಾತನ್ನು ಹಾರಿಸುತ್ತಾಳೆ. ಆಮೇಲೆ ತವರಿನ ದಾರಿಯ ತೆಂಗು, ಬಾಳೆ, ಬೇಲಿಗೆ ಹಬ್ಬಿದ ಮಲ್ಲಿಗೆ, ಹೊನ್ನೂರಿನ ಸಂತೆಗೆ ನಗುತ್ತ ಬರುವ ಹುಡುಗಿಯರು ಎಲ್ಲ ಬರುತ್ತವೆ. ಕಡೆಗೆ ಗೆಲ್ಲುವುದು ಹೊನ್ನೂರು, ಪ್ರೇಮದ ಕಾರಣದಿಂದ. ನಾನು ಅಲ್ಲಿಗೆ ಬಂದಾಗ ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು. ಹೆಣ್ಣಿನ ಕಡೆಯವರೂ ನಕ್ಕರು. ಮದುವಣಗಿತ್ತಿ ತಲೆ ತಗ್ಗಿಸಿ ಕುಳಿತಿದ್ದಳು. ನಾಚಿಕೆ ಎಂದುಕೊಂಡೆ.

ಈ ಕವಿತೆಯನ್ನು ಮುಂದೆ ಎಷ್ಟೋ ಸಲ ಪಾಠ ಮಾಡಿದೆ. ಗಂಡನ ಊರನ್ನೇ ತನ್ನದಾಗಿಸಿಕೊಂಡ ಹೆಣ್ಣಿನ ಒಲವು ಎಂಬುದು ನನ್ನ ವ್ಯಾಖ್ಯಾನ. ಬಹುತೇಕ ಎಲ್ಲ ಮೇಷ್ಟ್ರುಗಳ ವ್ಯಾಖ್ಯಾನವೂ ಅದೇ ಎಂದು ಕಾಣುತ್ತದೆ. ಅದು ಅಲುಗಾಡಿದ್ದು 2006ರಲ್ಲಿ, ನಮ್ಮ ಮಗಳ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ. ಅದರಲ್ಲಿ ನನ್ನ ತಂದೆಯ ಹೆಸರಿತ್ತು, ಕಿಕ್ಕೇರಿ ಎರಡು ಕಡೆ ಇತ್ತು, ಗಂಡಿನ ಊರಿತ್ತು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ಎಲ್ಲಾ ಸರಿಯಾಗಿದೆ. ನಮ್ಮೂರೊಂದು ಇಲ್ಲ” ಎಂದರು.

ನಾನು ಬೆರಳಿಟ್ಟು ಕಿಕ್ಕೇರಿಯನ್ನು ತೋರಿಸಿದೆ.

“ಅದು ನಿಮ್ಮೂರು” ಎಂದರು.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ನನಗೆ ಸ್ವಲ್ಪ ಸಿಟ್ಟೂ ಬಂತು. “ನಮ್ಮ ಮದುವೇಲಿ ಆ ಹಾಡು ಹಾಡಿದಾಗ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡಿದ್ದೆಯಲ್ಲ?” ಎಂದೆ.

“ನಾನೆಲ್ಲಿ ಒಪ್ಪಿಕೊಂಡೆ? ಅವತ್ತು ನಮ್ಮಮ್ಮ ಒಳಗೆ ಅಳ್ತಿದ್ರು, ಅದು ಕೇಳಿಸ್ತಿತ್ತು. ಅಲ್ಲಾ ಕಣ್ರೀ, ಆ ಹಾಡಲ್ಲಿ ಕೇಳಿದ್ದೂ ಅವನೇ, ಕನಸು ಕಂಡಿದ್ದೂ ಅವನೇ. ಕನಸಲ್ಲಿ ಕೇಳಿದ್ರೆ ಬೇಕಾದ ಉತ್ತರವೇ ಬರುತ್ತೆ. ಎಚ್ಚರವಾಗಿದ್ದಾಗ ಕೇಳ್ಬೇಕಿತ್ತು.”

ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ತೆಗೆದು ನೋಡಿದರೆ, ಹೌದು, ಕವಿತೆಯ ಮೊದಲ ಮಾತಿನಲ್ಲೇ ಕನಸು ಇದೆ. ಅದನ್ನು ನಾನು ಒಂದು ಅಲಂಕಾರವೆಂದು ದಾಟಿ ಹೋಗಿದ್ದೆ. ಪ್ರಶ್ನೆ ಗಂಡನದು, ಕನಸು ಗಂಡನದು. ಹಾಗಾದರೆ ಉತ್ತರ ಯಾರದು? ನವಿಲೂರಿನ ಹೆಣ್ಣು ಆ ರಾತ್ರಿ ನಿಜವಾಗಿ ಏನು ಹೇಳುತ್ತಿದ್ದಳೋ ಕವಿತೆಯಲ್ಲಿ ಇಲ್ಲ. ಅವಳು ಹಾಗೆ ಹೇಳಿದರೆ ಎಷ್ಟು ಚೆನ್ನ ಎಂಬ ಗಂಡಿನ ಆಸೆ ಮಾತ್ರ ಇದೆ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಆ ಕವಿತೆಯಲ್ಲಿ ‘ನಮ್ಮೂರು’, ‘ನಿಮ್ಮೂರು’ ಎಂಬ ಮಾತುಗಳು ಒಂದೆಡೆ ನಿಲ್ಲುವುದಿಲ್ಲ. ಅವನು ‘ನಮ್ಮೂರು’ ಎಂದರೆ ಹೊನ್ನೂರು. ಅವಳು ‘ನಮ್ಮೂರು’ ಎಂದರೆ ನವಿಲೂರು. ತಾವು ಮಲಗಿರುವ ಮಂಚ ಯಾವ ಊರಿನದು, ಕಾಣುತ್ತಿರುವ ಕನಸು ಯಾವ ಊರಿನದು ಎಂದು ಅವಳು ನಯವಾಗಿ ಬಿಡಿಸಿ ಇಡುತ್ತಾಳೆ. ಮಂಚ ಅವಳ ಊರಿನದು. ಎಂದರೆ ಅಳಿಯರಾಯರು ಮಾವನ ಮನೆಯಲ್ಲಿ, ಮಾವನ ಹಾಸಿಗೆಯ ಮೇಲೆ ಮಲಗಿ, ತಮ್ಮೂರಿನ ಚೆಂದವನ್ನು ಕನಸು ಕಾಣುತ್ತಿದ್ದಾರೆ! ರಾಮನಾಥಪುರದ ಚಪ್ಪರದಡಿ ಕುಳಿತು ನಾನು ಮಾಡಿದ್ದೂ ಅದನ್ನೇ. ಕನಸಿನೊಳಗಿದ್ದೂ ಅವಳು ಮಂಚವನ್ನು ಬಿಟ್ಟುಕೊಟ್ಟಿಲ್ಲ, ತನ್ನ ‘ನಮ್ಮೂರು’ ಎಂಬ ಮಾತನ್ನೂ ಬಿಟ್ಟುಕೊಟ್ಟಿಲ್ಲ. ಕವಿ ಇದನ್ನು ತಿಳಿದೇ ಬರೆದಿದ್ದಾರೆಂದು ನನಗೆ ಈಗ ಅನ್ನಿಸುತ್ತದೆ. ತಿಳಿಯದೆ ಹಾಡಿದವರು ನಾವು.

‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ಒಳಗೆ ಚಲೇಜಾವ್ ಚಳವಳಿ. ಅಂಥ ಕಾಲದಲ್ಲಿ ಹೆಂಡತಿ, ಮಾವನ ಮನೆ, ಮಲ್ಲಿಗೆ ಎಂದು ಬರೆದದ್ದು ಹಗುರವಲ್ಲವೆ ಎಂಬ ಆಕ್ಷೇಪಣೆ ಉಂಟು. ಮುಂದೆ ನವ್ಯದವರಿಗೂ ಇದರ ನೆಮ್ಮದಿ ಸಪ್ಪೆಯಾಗಿ ಕಂಡಿತು. 1958ರ ‘ಶಿಲಾಲತೆ’ಯ ಹೊತ್ತಿಗೆ ನರಸಿಂಹಸ್ವಾಮಿಯವರೇ ಬೇರೆ ದಾರಿ ಹಿಡಿದಿದ್ದರು. ನನ್ನ ತಕರಾರು ಆ ಬಗೆಯದಲ್ಲ. ಸಂಸಾರ ಹಗುರವಾದ ವಸ್ತು ಎಂದು ಸಂಸಾರ ಮಾಡಿದವರು ಯಾರೂ ಹೇಳಲಾರರು.

ನನ್ನ ತಕರಾರು ಇಷ್ಟು: ಈ ಪುಸ್ತಕದ ನವಿಲೂರು ಅಳಿಯನ ನವಿಲೂರು. ಅವನು ಅಲ್ಲಿಗೆ ಹೋದಾಗಲೆಲ್ಲ ಹಬ್ಬ. ಮಾವನ ಮನೆಗೆ ರಾತ್ರಿ ಬಂದಿಳಿದ ಗಂಡನ ಕವಿತೆಯನ್ನೇ ನೋಡಿ. ಮನೆಯವರೆಲ್ಲ ಉಪಚಾರಕ್ಕೆ ನಿಲ್ಲುತ್ತಾರೆ. ಹೆಂಡತಿ ಮಾತ್ರ ಮೂರು ದಿನದ ಮೈಲಿಗೆಯಲ್ಲಿ ದೂರ ಇದ್ದಾಳೆ. ಕವಿತೆಯ ವಿನೋದವೆಲ್ಲ ಅವನ ಪೇಚಾಟದ ಸುತ್ತ. ಅವಳಿಗೆ ಏನನ್ನಿಸಿತು ಎಂಬುದು ಬಾಗಿಲಾಚೆಗೇ ಉಳಿಯುತ್ತದೆ. ಬಳೆಗಾರ ಚೆನ್ನಯ್ಯನ ಕವಿತೆಯಲ್ಲಿ ನವಿಲೂರಿನಿಂದ ಅವಳ ಸುದ್ದಿ ಬರುತ್ತದೆ. ಆದರೆ ಅದು ಬಳೆಗಾರನ ಬಾಯಲ್ಲಿ. ಒಂದು ನ್ಯಾಯವನ್ನೂ ಹೇಳಬೇಕು. ಹೆಣ್ಣನ್ನು ಗಂಡನ ಮನೆಗೆ ಕಳುಹಿಸಿ ಕೈ ತೊಳೆದುಕೊಳ್ಳುವ ಲೋಕದಲ್ಲಿ, ಗಂಡನ್ನೇ ಮತ್ತೆ ಮತ್ತೆ ಹೆಣ್ಣಿನ ಊರಿನ ದಾರಿಯಲ್ಲಿ ನಡೆಸಿದವರು ನರಸಿಂಹಸ್ವಾಮಿ. ಅವರ ಕವಿತೆಯ ಗಂಡು ಹೆಂಡತಿಯ ಊರಿನ ಹೆಸರನ್ನು ಮರೆಯುವುದಿಲ್ಲ. ನಾನು ಲಗ್ನಪತ್ರಿಕೆಯಲ್ಲೇ ಮರೆತಿದ್ದೆ.

ಎಚ್ಚರವಾಗಿದ್ದಾಗ ಹೆಣ್ಣು ತನ್ನೂರಿನ ಬಗ್ಗೆ ಏನು ಹೇಳುತ್ತಾಳೆ ಎಂಬುದನ್ನು ತಿಳಿಯಲು ನಮ್ಮಲ್ಲಿ ಬೇರೆ ಹಾಡುಗಳಿವೆ. ಹಲಸಂಗಿಯ ಗೆಳೆಯರು ಕೂಡಿಹಾಕಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಅಂಥ ತ್ರಿಪದಿಗಳ ಕಣಜ. ತವರಿನ ದಾರಿ, ಅಣ್ಣ ಕರೆಯಲು ಬರಲಿಲ್ಲವೆಂಬ ಕೊರಗು, ತಾಯಿಯಿಲ್ಲದ ತವರಿನ ಬಿಕೋ ಎನ್ನುವ ಅಂಗಳ, ತವರು ತಣ್ಣಗಿರಲೆಂಬ ಹರಕೆ, ಎಲ್ಲ ಅಲ್ಲಿವೆ. ಅವು ಹುಟ್ಟಿದ್ದು ಕೋಳಿ ಕೂಗುವ ಹೊತ್ತಿನಲ್ಲಿ, ಬೀಸುವ ಕಲ್ಲಿನ ಮುಂದೆ. ಆ ಹೊತ್ತಿಗೆ ಗಂಡಸರು ಮಂಚದ ಮೇಲೆ ಇನ್ನೂ ಕನಸು ಕಾಣುತ್ತಿರುತ್ತಾರೆ. ಈ ಎರಡು ಹಾಡುಗಳನ್ನು ಒಟ್ಟಿಗೆ ಓದಿಸಬೇಕಾಗಿತ್ತು. ಮೂವತ್ತು ವರ್ಷ ಒಂದನ್ನೇ ಓದಿಸಿದೆ.

ಊರಿನ ಹೆಮ್ಮೆ ಕೆಟ್ಟದ್ದೆಂದು ನಾನು ಹೇಳಲಾರೆ; ಹೇಳಿದರೂ ನನ್ನಿಂದ ಅದು ಬಿಡದು. ಆದರೆ ಅದು ಗಂಡಸಿಗೆ ಪುಕ್ಕಟೆಯಾಗಿ ಸಿಗುತ್ತದೆ ಎಂಬುದು ಈಗ ಕಾಣುತ್ತದೆ. ಹುಟ್ಟಿದ ಊರು ಹೆಸರಿನ ಮೊದಲಕ್ಷರವಾಗಿ ಕಡೆಯವರೆಗೂ ಅವನ ಜೊತೆಗಿರುತ್ತದೆ. ನಮ್ಮ ಮನೆಯವರ ಹೆಸರಿನ ಮೊದಲು ಶಾಲೆಯ ದಾಖಲೆಯಲ್ಲಿ ‘ಆರ್’ ಇತ್ತು. ಮದುವೆಯ ಮರುವರ್ಷ ರೇಷನ್ ಕಾರ್ಡಿಗೆ ಹೆಸರು ಸೇರಿಸುವಾಗ ನಾನೇ ಅದನ್ನು ತೆಗೆದು ‘ಕೆ’ ಬರೆಸಿದ್ದೆ. ಯಾರನ್ನೂ ಕೇಳಿರಲಿಲ್ಲ, ಕನಸಿನಲ್ಲಿಯೂ ಕೇಳಿರಲಿಲ್ಲ.

ಲಗ್ನಪತ್ರಿಕೆಗಳು ಆಗಲೇ ಐನೂರು ಅಚ್ಚಾಗಿದ್ದವು. ನಾನು ಪೆನ್ನು ತೆಗೆದುಕೊಂಡು ಅವರ ಹೆಸರಿನ ಕೆಳಗೆ ‘ರಾಮನಾಥಪುರ’ ಎಂದು ಬರೆಯುತ್ತ ಕುಳಿತೆ. ಅರವತ್ತೋ ಎಪ್ಪತ್ತೋ ಆಗುವಷ್ಟರಲ್ಲಿ ಕೈ ಸೋತಿತು. ಬರೆದವನ್ನೆಲ್ಲ ಅವರ ಕಡೆಯವರಿಗೇ ಕಳಿಸಿದೆವು. ನಮ್ಮವಳು ರಾಮನಾಥಪುರದವಳು ಎಂದು ರಾಮನಾಥಪುರದವರಿಗೇ ತಿಳಿಸಿದಂತಾಯಿತು. ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ.

ಆಮೇಲೊಂದು ದಿನ, ಹಗಲು ಹೊತ್ತಿನಲ್ಲಿ, ಇಬ್ಬರೂ ಎಚ್ಚರವಾಗಿರುವಾಗಲೇ ಆ ಪ್ರಶ್ನೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂದ ಹೊಸತರಲ್ಲಿ ಇಲ್ಲಿ ರಾತ್ರಿ ನಿದ್ದೆ ಬರ್ತಿರಲಿಲ್ಲ. ಹೊಳೆ ಸದ್ದಿಲ್ಲದೆ ಮಲಗಿ ಅಭ್ಯಾಸವೇ ಇರಲಿಲ್ಲ. ಈಗ ಅಲ್ಲಿಗೆ ಹೋದ್ರೆ ಆ ಸದ್ದಿಗೇ ನಿದ್ದೆ ಬರಲ್ಲ” ಎಂದರು. ಚೆಂದ ಯಾವುದೆಂದು ಹೇಳಲಿಲ್ಲ.

ಅಂದಿನಿಂದ ಗಮನಿಸುತ್ತಿದ್ದೇನೆ. ಕಿಕ್ಕೇರಿಯ ಹಳಬರು ಇವತ್ತಿಗೂ ಅವರನ್ನು “ರಾಮನಾಥಪುರದೋರು” ಎನ್ನುತ್ತಾರೆ. ರಾಮನಾಥಪುರಕ್ಕೆ ಹೋದರೆ “ಕಿಕ್ಕೇರಿಯೋರು ಬಂದ್ರು” ಎಂದು ಮಣೆ ಹಾಕುತ್ತಾರೆ. ಅವರು ಕೂಡ ಇಲ್ಲಿರುವಾಗ ಅದನ್ನು ನಮ್ಮೂರು ಎನ್ನುತ್ತಾರೆ, ಅಲ್ಲಿರುವಾಗ ಇದನ್ನು. ‘ಮೈಸೂರು ಮಲ್ಲಿಗೆ’ಯ ಆ ಕವಿತೆಯಲ್ಲಿ ಎರಡು ಮಾತುಗಳು ಯಾಕೆ ಒಂದೆಡೆ ನಿಲ್ಲುವುದಿಲ್ಲ ಎಂದು ಈಗ ನನ್ನ ವಿದ್ಯಾರ್ಥಿಗಳು ಯಾರಾದರೂ ಕೇಳಿದರೆ, ಪುಸ್ತಕ ತೆರೆಯುವ ಮೊದಲು ಇಷ್ಟನ್ನು ಹೇಳುತ್ತೇನೆ.